ಗೆರೆಯಾಚೆ ಕೂತ ಮಾದಣ್ಣ

ಎದುರಾಳಿಯನ್ನು ಸೊಂಟ ಹಿಡಿದು ಕೆಡವಿದ ಮೇಲೆ ಮಾದಣ್ಣ ಚೆಂಡಿನ ಹಿಂದೆ ಓಡುತ್ತಿರಲಿಲ್ಲ. ಮೊದಲು ಬಿದ್ದವನನ್ನು ಎಬ್ಬಿಸಿ, ಬೆನ್ನಿನ ಮಣ್ಣು ಕೊಡವಿ, ಪೆಟ್ಟಾಯಿತೇ ಎಂದು ವಿಚಾರಿಸಿ, ಆಮೇಲೆ ಚೆಂಡೆಲ್ಲಿ ಎಂದು ಸುತ್ತ ನೋಡುತ್ತಿದ್ದ. ಅಷ್ಟರಲ್ಲಿ ಅದು ಯಾರದೋ ಕಂಕುಳಲ್ಲಿ ಮೈದಾನದ ಆ ತುದಿ ಸೇರಿರುತ್ತಿತ್ತು. ಇಂಥವನು ನಮ್ಮ ಕ್ಯಾಪ್ಟನ್.

ಮೂವತ್ತರ ದಶಕದ ಮಾತು. ಸೇಲಂನ ನಮ್ಮ ಕಾಲೇಜಿಗೆ ಇಂಗ್ಲಿಷ್ ಕಲಿಸಲು ಬಂದ ದೊರೆಯೊಬ್ಬರು ಮೊಟ್ಟೆಯಾಕಾರದ ಚೆಂಡು ತಂದು, ಇದು ರಗ್ಬಿ ಎಂದರು. ಓಡು, ಹಿಡಿಯಲು ಬಂದವನಿಂದ ತಪ್ಪಿಸಿಕೋ ಎಂದರೆ ನಮಗೆ ಅದು ಸಡುಗುಡುವೇ, ನಮ್ಮ ಕಡೆಯ ಕಬಡ್ಡಿ. ಆದರೆ ನೆಲ ಗಟ್ಟಿ, ಬಿದ್ದರೆ ಮಂಡಿ ಕಿತ್ತುಬರುತ್ತದೆ ಎಂದು ಗೊಣಗಿದೆವು. ಮಾದಣ್ಣ ಒಂದು ಬೆಳಿಗ್ಗೆ ಜೋಡಿ ಎತ್ತು ತಂದು ಮೈದಾನವನ್ನೇ ಉತ್ತುಬಿಟ್ಟ. ನಲ್ಲಂಪಳ್ಳಿ ಕಡೆಯ ಕುರಿ ಸಾಕುವ ಮನೆಯವನಿಗೆ ಗಟ್ಟಿ ನೆಲಕ್ಕೆ ಬೇರೆ ಮದ್ದು ಗೊತ್ತಿರಲಿಲ್ಲ.

ರೈಲ್ವೆ ಕಾಲೊನಿಯ ತಂಡವನ್ನು ಗೆದ್ದರೆ ಮುಂದಿನ ಆಟ ಮದರಾಸಿನಲ್ಲಿ ಎಂದರು ದೊರೆ. ನಮ್ಮಲ್ಲಿ ಯಾರೂ ಸಮುದ್ರ ಕಂಡವರಲ್ಲ. ಮಾದಣ್ಣನಿಗಂತೂ ಅದೇ ಜಪ. ಅಷ್ಟು ನೀರಿದ್ದೂ ಒಂದು ಕುರಿಗೆ ಕುಡಿಯಲು ಬಾರದಂತಲ್ಲ ಎಂದು ಊಟದ ಹೊತ್ತಿನಲ್ಲೂ ಕೊರಗುತ್ತಿದ್ದ.

ಆ ದಿನ ನಾವೇ ಮುಂದಿದ್ದೆವು. ಆಟ ಮುಗಿಯಲು ಇನ್ನು ಸ್ವಲ್ಪ ಹೊತ್ತಿರುವಾಗ ಚಿನ್ನಸಾಮಿ, ಎಡಪ್ಪಾಡಿಯ ನೇಯ್ಗೆ ಮನೆಯವನು, ನಮ್ಮಲ್ಲೆಲ್ಲ ವೇಗದ ಓಟಗಾರ, ಕೆಳಗೆ ಬಿದ್ದಿದ್ದ ಎದುರಾಳಿಯ ಮುಖಕ್ಕೆ ಒದ್ದ. ರೆಫರಿಯಾಗಿದ್ದ ದೊರೆಗೆ ಗುಂಪಿನ ಮರೆಯಲ್ಲಿ ಅದು ಕಾಣಲಿಲ್ಲ. ಮಾದಣ್ಣನಿಗೆ ಕಂಡಿತು. ಚಿನ್ನಸಾಮಿಯ ರಟ್ಟೆ ಹಿಡಿದು ಗೆರೆಯಾಚೆ ಕೂರಿಸಿದ. ಕೂರಿಸಿ ತಾನೂ ಅವನ ಪಕ್ಕ ಕೂತ.

ನಾನು ಓಡಿಹೋಗಿ, ತಪ್ಪು ಅವನದು, ನೀನಾದರೂ ಬಾ ಅಣ್ಣ ಎಂದು ಬೇಡಿಕೊಂಡೆ.

“ಕುರಿ ಓಗಿ ಇನ್ನೊಬ್ಬನ ಒಲ ಮೇಯ್ದ್ರೆ ದಂಡ ಕುರಿಗಾಕ್ತಾರೇನ್ಲಾ?” ಎಂದ. “ಮೇಯ್ಸೋನ್ಗೆ ತಾನೆ? ನೀ ಓಗಿ ಆಡು.”

ಇಬ್ಬರಿಲ್ಲದ ತಂಡ ಸೋತಿತು. ಮಾದಣ್ಣನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಚಿನ್ನಸಾಮಿ ಮುಖ ಮುಚ್ಚಿಕೊಂಡು ಅಳುತ್ತಿದ್ದ. ಅವನನ್ನೂ ಎಬ್ಬಿಸಿ ಬೆನ್ನಿನ ಮಣ್ಣು ಕೊಡವಿದ ಈ ಮಹಾರಾಯ. ಮರುವರ್ಷ ದೊರೆ ತಮ್ಮ ದೇಶಕ್ಕೆ ಹೋದರು, ಅವರ ಹಿಂದೆಯೇ ರಗ್ಬಿಯೂ ಹೋಯಿತು.

ಕೊನೆಯ ಸಲ ಅವನನ್ನು ಕಂಡದ್ದು ಅದಿಯಮಾನ್‌ಕೋಟೆಯ ಹತ್ತಿರ. ಕೂದಲು ನರೆತಿತ್ತು, ಸುತ್ತ ಮಂದೆಯಿತ್ತು. ಸಮುದ್ರ ನೋಡಿದೆಯಾ ಅಣ್ಣ ಎಂದು ಕೇಳಿದೆ.

“ಇಲ್ಲ ಕಣ್ಲಾ. ಚಿನ್ಸಾಮಿ ಮದ್ರಾಸಲ್ಲೇ ವೇಲೆ ಮಾಡ್ಕೊಂಡು ಸಂಬ್ಳ ತಗೋತಾವ್ನೆ. ಅವನೂ ನೋಡಿಲ್ವಂತೆ. ನೀ ಬಂದ ಮೇಲೇನೇ ನಾನೂ ನೋಡೋದು ಅಂತ ಕುಂತವ್ನೆ. ಅವನಿಗೋಸ್ಕರಾದ್ರೂ ಒಂದ್ಸಲ ಓಗ್ಬೇಕು. ಈ ಮರಿಗಳು ವಸಿ ಬಲೀಲಿ.”

ಮರಿಗಳು ಬಲಿಯುವ ಮೊದಲೇ ಮಾದಣ್ಣ ತೀರಿಕೊಂಡ.

ಮೊನ್ನೆ ಮದರಾಸಿಗೆ ಹೋದವನು ಚಿನ್ನಸಾಮಿಯ ಮನೆಯಲ್ಲೇ ಇಳಿದುಕೊಂಡಿದ್ದೆ. ಸಂಜೆ ಕಡಲ ಕಡೆ ಹೋಗೋಣ ಎಂದು ಕರೆದೆ. ಅಲೆಯ ಸದ್ದು ಕೇಳುವ ತಿರುವಿನವರೆಗೂ ಜೊತೆಗೆ ಬಂದ. ಅಲ್ಲಿ, ನೀನು ನೋಡಿ ಬಾ ಎಂದು ಹೇಳಿ, ಅಂಗಡಿಯೊಂದರ ಕಟ್ಟೆಯ ಮೇಲೆ ಕೂತುಬಿಟ್ಟ.