ಮೇಜು ಸುತ್ತಿ ಬಂದವರು

ಅವರ ಬಲಗೈಯ ಬಳೆಗಳಲ್ಲಿ ಯಾವಾಗಲೂ ಒಂದು ಗೊಂಚಲು ಸೇಫ್ಟಿ ಪಿನ್ನುಗಳು ನೇತಾಡುತ್ತಿದ್ದವು. ಆ ಕಾಲದ ಹೆಂಗಸರಲ್ಲಿ ಅದು ಹೊಸದೇನಲ್ಲ. ಆದರೆ ಅವರ ಪಿನ್ನುಗಳು ಸೆರಗಿಗಿಂತ ಹೆಚ್ಚಾಗಿ ಪುಸ್ತಕಗಳಿಗೆ ಖರ್ಚಾಗುತ್ತಿದ್ದವು. ರಟ್ಟು ಕಿತ್ತುಬಂದ ಪುಸ್ತಕ, ಗಾಳಿಗೆ ಹಾರುವ ಪತ್ರಿಕೆ, ಕಿಟಕಿಯ ಪರದೆ, ಓದಲು ಬಂದ ಮಗುವಿನ ಗುಂಡಿ ಹೋದ ಅಂಗಿ, ಎಲ್ಲಕ್ಕೂ ಕೈಯಿಂದ ಒಂದು ಪಿನ್ನು ಬಿಚ್ಚುತ್ತಿದ್ದರು. ಗಾಜಿನ ಬಳೆ, ಪಿನ್ನು ಎರಡೂ ಸೇರಿ ಸಣ್ಣಗೆ ಸದ್ದು. ಗೋಡೆಯ ಮೇಲೆ ‘ನಿಶ್ಶಬ್ದ’ ಎಂದು ಫಲಕ ಹಾಕಿಸಿದವರೂ ಅವರೇ, ಅದರ ಕೆಳಗೆ ದಿನವಿಡೀ ಸದ್ದು ಮಾಡಿಕೊಂಡು ಓಡಾಡುತ್ತಿದ್ದವರೂ ಅವರೇ.

ಅರವತ್ತರ ದಶಕದಲ್ಲಿ, ಪತ್ರಿಕೆಯ ಕೆಲಸಕ್ಕೆ ಸೇರುವ ಮುನ್ನ, ನಾನು ಜಯನಗರದ ಒಂದು ಶಾಖಾ ಗ್ರಂಥಾಲಯದಲ್ಲಿ ಸಹಾಯಕನಾಗಿದ್ದೆ. ಅವರು ಅಲ್ಲಿಯ ಗ್ರಂಥಪಾಲಕಿ. ನಾವು ಮೇಡಂ ಎನ್ನುತ್ತಿದ್ದೆವು; ಯಡಿಯೂರಿನ ಹೆಂಗಸರು ಆಮೇಲೆ ಪುಸ್ತಕದಮ್ಮ ಎಂದು ಹೆಸರಿಟ್ಟರು. ಗ್ರಂಥಾಲಯವಿದ್ದದ್ದು ಒಂದು ಬಾಡಿಗೆ ಮನೆಯಲ್ಲಿ. ಎದುರಿಗೆ ಬಡಾವಣೆಯ ಹೊಸ ಮನೆಗಳು, ಹಿಂದೆ ಯಡಿಯೂರು ಹಳ್ಳಿ, ಅದರ ಕೆರೆಯ ಕಡೆಗೆ ಇಳಿಯುವ ಕಾಲುದಾರಿ. ಮುಂದಿನ ಕೋಣೆಯಲ್ಲಿ ಪತ್ರಿಕೆಗಳು, ಹಿಂದಿನ ಕೋಣೆಯಲ್ಲಿ ಪುಸ್ತಕದ ಬೀರುಗಳು. ಪಿಂಚಣಿಯವರು ಬೆಳಿಗ್ಗೆ ಬಂದು ಪತ್ರಿಕೆ ಓದಿ, ಸರ್ಕಾರವನ್ನು ಬೈದು, ಊಟದ ಹೊತ್ತಿಗೆ ಮನೆಗೆ ಹೋಗುತ್ತಿದ್ದರು. ಬೀರುಗಳವರೆಗೆ ಬರುವವರು ಕಡಿಮೆ. ಹೆಂಗಸರಂತೂ ಹೊಸ್ತಿಲು ತುಳಿದವರಲ್ಲ.

ನಮ್ಮ ಜೊತೆಗಿದ್ದ ಮೂರನೆಯವರು ಅಟೆಂಡರ್. ಸಾರಕ್ಕಿಯವರು, ನಡುವಯಸ್ಸು ದಾಟಿದವರು. ಹೊಲ ಬಡಾವಣೆಗೆ ಹೋದ ಮೇಲೆ ಈ ಕೆಲಸಕ್ಕೆ ಸೇರಿದ್ದರು. ಅದಿನ್ನೂ ಖಾಯಂ ಆಗಿರಲಿಲ್ಲ. ಸೈಕಲ್ಲಿನಲ್ಲಿ ಬಂದು, ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು, ಹೊಲ ಕಾಯುವವರ ಹಾಗೆ ಬೀರುಗಳನ್ನು ಕಾಯುತ್ತಿದ್ದರು.

ಮೇಡಂ ಬಂದ ಮೊದಲ ವಾರವೇ ನಮಗೆ ಒಂದು ನಿಯಮ ಹೇಳಿದರು.

“ಮೇಜಿನ ಆಚೆಯಿಂದ ಪುಸ್ತಕ ಕೊಡಬೇಡಿ. ರೇಷನ್ ಅಂಗಡಿ ಥರ ಆಗತ್ತೆ. ಎದ್ದು, ಮೇಜು ಸುತ್ತಿ ಬನ್ನಿ. ಅವರ ಪಕ್ಕ ನಿಂತು ಹುಡುಕಿ.”

ಇನ್ನೊಂದು ಅಭ್ಯಾಸವನ್ನೂ ಅವರೇ ತಂದರು. ಬೆಳಿಗ್ಗೆ ಬಾಗಿಲು ತೆರೆಯುವ ಮುನ್ನ ಮೂವರೂ ಕೂತು ಕಾಫಿ ಕುಡಿಯಬೇಕು. ಫ್ಲಾಸ್ಕ್ ಅವರ ಮನೆಯದು. ಕಾಫಿ ಮುಗಿಯುವವರೆಗೆ ಒಬ್ಬರು, ತಾವು ಓದುತ್ತಿರುವ ಪುಸ್ತಕದ ಬಗ್ಗೆ ಮಾತಾಡಬೇಕು. ಪುಸ್ತಕ ಗೊತ್ತಿಲ್ಲದವನು ಪುಸ್ತಕ ಕೊಡುವುದು ಉಪ್ಪು ನೋಡದೆ ಬಡಿಸಿದ ಹಾಗೆ ಎನ್ನುತ್ತಿದ್ದರು.

ಅಟೆಂಡರಿಗೆ ಅಕ್ಷರ ಕೂಡಿಸಿಕೊಂಡು ಓದುವಷ್ಟು ಬರುತ್ತಿತ್ತು. ಅವರು ತಪ್ಪಿಸಿಕೊಳ್ಳಲು ನೋಡಿದರು.

“ನಾವು ಓದೋದು ಅಂದ್ರೆ ಎತ್ತು ಮೆಲುಕು ಹಾಕ್ದಂಗೆ ಅಮ್ಮಾವ್ರೇ. ಹೊತ್ತಾಯ್ತದೆ.”

“ಹೊತ್ತಾಗಲಿ. ಮೆಲುಕು ಹಾಕಿದ್ದೇ ಮೈಗೆ ಹತ್ತೋದು.”

ಮಕ್ಕಳಿಗಾಗಿ ಬರೆದ ಒಂದು ಸಮುದ್ರಯಾನದ ಕಥೆಯನ್ನು ಆರಿಸಿ ಅವರ ಕೈಗಿಟ್ಟರು. ಅದರ ಬೆನ್ನು ಬಿಟ್ಟುಕೊಂಡಿತ್ತು. ಬಳೆಯಿಂದ ಒಂದು ಪಿನ್ನು ತೆಗೆದು ಚುಚ್ಚಿಯೇ ಕೊಟ್ಟರು. ಅಟೆಂಡರು ಅದನ್ನು ಸ್ಟೂಲಿನ ಮೇಲೆ ಕೂತು, ತುಟಿ ಆಡಿಸುತ್ತ, ತಿಂಗಳುಗಟ್ಟಲೆ ಓದಿದರು. ಆದರೆ ತಮ್ಮ ಸರದಿ ಬಂದಾಗ ಮಾತ್ರ “ಇನ್ನೂ ಹಡಗು ಹತ್ತಿಲ್ಲ ಅಮ್ಮಾವ್ರೇ” ಎಂದು ಲೋಟ ತೊಳೆಯಲು ಏಳುತ್ತಿದ್ದರು. ಮೇಡಂ ಬಲವಂತ ಮಾಡುತ್ತಿರಲಿಲ್ಲ. ಬೈಯಬೇಕಾದರೆ ಒಳಕೋಣೆಗೆ ಕರೆದು ಬೈಯುವುದು, ಹೊಗಳಬೇಕಾದರೆ ಓದುಗರೆಲ್ಲರ ಎದುರಿಗೆ ಹೊಗಳುವುದು ಅವರ ರೀತಿ. ನನಗೆ ಎರಡೂ ಆಗಿದೆ.

ಆ ವರ್ಷ ಮಳೆಗಾಲದಲ್ಲಿ ಮುಖ್ಯ ಕಚೇರಿಯಿಂದ ಒಬ್ಬ ಅಧಿಕಾರಿ ಬಂದು ನೋಡಿಹೋದರು. ಹೋಗುವಾಗ ಹೊರಗೆ ನಿಂತು ಹೇಳಿದ್ದನ್ನು ನಾನೂ ಕೇಳಿಸಿಕೊಂಡೆ.

“ಪೇಪರ್ ಓದೋದಕ್ಕೆ ಇಷ್ಟು ಬಾಡಿಗೆ ಕೊಟ್ಟು ಮನೆ ಯಾಕಮ್ಮ? ದಸರಾದಲ್ಲಿ ಇನ್ನೊಂದು ಸಲ ಬರ್ತೀನಿ. ಪುಸ್ತಕ ಮನೆಮನೆಗೆ ಹೋಗೋದು ಕಾಣಿಸ್ಬೇಕು. ಇಲ್ಲದಿದ್ರೆ ಇದನ್ನ ಬಸವನಗುಡಿ ಶಾಖೆಗೆ ಸೇರಿಸಿಬಿಡ್ತೀವಿ. ನಿಮಗೆ ಬೇರೆ ಕಡೆ ಜಾಗ ಇದೆ. ಈ ಅಟೆಂಡರ್ ಪೋಸ್ಟು ಮಾತ್ರ ಇರಲ್ಲ.”

ಅಟೆಂಡರು ಬಾಗಿಲಲ್ಲೇ ಇದ್ದರು. ಹೊಲ ಹೋಗಿತ್ತು, ಈಗ ಸ್ಟೂಲೂ ಹೋಗುವುದರಲ್ಲಿತ್ತು. ಮಧ್ಯಾಹ್ನ ಬೀರುಗಳನ್ನು ಇನ್ನೊಮ್ಮೆ ಒರೆಸಿದರು.

ಮೇಡಂ ಮೂರನೆಯ ದಿನ ಕಾಫಿಯ ಹೊತ್ತಿಗೆ ಒಂದು ಮಾತು ಹೇಳಿದರು. “ನವರಾತ್ರಿಲಿ ಹೆಂಗಸರು ಯಾರ ಮನೆಗೆ ಬೇಕಾದ್ರೂ ಹೋಗ್ತಾರೆ, ಗೊಂಬೆ ಇದ್ರೆ. ನಾವೂ ಗೊಂಬೆ ಕೂರಿಸೋಣ.”

ತಮ್ಮ ಮನೆಯ ಪಟ್ಟದ ಗೊಂಬೆಗಳನ್ನು ಅವರೇ ತಂದರು. ಬಡಾವಣೆಯ ಮನೆಗಳಿಂದ ಚನ್ನಪಟ್ಟಣದ ಗೊಂಬೆಗಳು, ಒಂದು ಜಮಖಾನ, ಹಳೆಯ ಮಾಸಪತ್ರಿಕೆಗಳ ಕಟ್ಟುಗಳು ಬಂದವು. ಬೀರುಗಳ ಹಲಗೆ ಜೋಡಿಸಿ ಮೆಟ್ಟಿಲು ಮಾಡಿದೆವು. ಬಡಾವಣೆಯವರಿಗೆ ನಾನು ಹೇಳಿಬಂದೆ. ಯಡಿಯೂರಿಗೆ ಮೇಡಂ ತಾವೇ ಕುಂಕುಮದ ಬಟ್ಟಲು ಹಿಡಿದು ಕಾಲುದಾರಿಯಲ್ಲಿ ನಡೆದುಹೋದರು. ಬಡಾವಣೆಯ ಮನೆಗಳ ಗೊಂಬೆ ನೋಡಲು ಆ ಊರಿನ ಹೆಂಗಸರನ್ನು ಅದುವರೆಗೆ ಯಾರೂ ಕರೆದಿರಲಿಲ್ಲ.

ಅಧಿಕಾರಿ ಬರುವುದಾಗಿ ತಿಳಿಸಿದ ದಿನ ಸರಸ್ವತಿ ಪೂಜೆಗೇ ಬಿತ್ತು. ಮೇಡಂ ಆ ದಿನದ ಏರ್ಪಾಡನ್ನು ಅಟೆಂಡರಿಗೆ ಬಿಟ್ಟರು. “ಒಳ್ಳೊಳ್ಳೆ ಪುಸ್ತಕ ತೆಗೆದು ಗೊಂಬೆ ಮುಂದೆ ಇಡಿ. ಬಂದವರ ಕಣ್ಣಿಗೆ ಬೀಳ್ಬೇಕು. ಇದು ನಿಮ್ಮ ಕೆಲಸ, ನಾನು ಕೈ ಹಾಕಲ್ಲ.” ಒಬ್ಬರಿಗೆ ಒಂದು ಕೆಲಸ ಕೊಟ್ಟರೆ ಪೂರ್ತಿ ಕೊಡುತ್ತಿದ್ದರು, ಹಿಂದಿನಿಂದ ಬಂದು ತಿದ್ದುತ್ತಿರಲಿಲ್ಲ.

ಅಟೆಂಡರು ಬೆಳಗಾಗುವ ಮೊದಲೇ ಸಾರಕ್ಕಿಯಿಂದ ಸೈಕಲ್ಲಿನ ತುಂಬ ಸೇವಂತಿಗೆ, ಮಾವಿನ ಸೊಪ್ಪು ಹೇರಿಕೊಂಡು ಬಂದಿದ್ದರು. ನಾವು ಬಂದು ನೋಡುವ ವೇಳೆಗೆ ಬೀರುಗಳು ಬರಿದಾಗಿದ್ದವು. ಒಳ್ಳೆಯದು ಯಾವುದು, ಅಲ್ಲದ್ದು ಯಾವುದು ಎಂದು ಆರಿಸಲು ಮನಸ್ಸು ಬಾರದೆ ಎಲ್ಲ ಪುಸ್ತಕಗಳನ್ನೂ ಗೊಂಬೆಗಳ ಮುಂದೆ ಒಟ್ಟಿದ್ದರು. ಒಟ್ಟಿದ್ದಷ್ಟೇ ಅಲ್ಲ. ಊರಿನ ಅರ್ಚಕರನ್ನು ಕರೆತಂದು ಅರಿಶಿನ ಕುಂಕುಮ ಹಾಕಿಸಿ, ಕಾಯಿ ಒಡೆಸಿ, ಮಂಗಳಾರತಿ ಮಾಡಿಸಿಬಿಟ್ಟಿದ್ದರು.

ಮೇಡಂ ಹೊಸ್ತಿಲಲ್ಲೇ ನಿಂತರು. ಬಳೆಯ ಸದ್ದು ನಿಂತಿತು. ಆ ಸದ್ದು ನಿಂತದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಈಗಿನವರಿಗೆ ಹೇಳುತ್ತೇನೆ. ಸರಸ್ವತಿ ಪೂಜೆಗೆ ಇಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ಯಾರೂ ಮುಟ್ಟುವುದಿಲ್ಲ, ಓದುವುದಿಲ್ಲ. ಶಾಲೆಯ ಮಕ್ಕಳಿಗೆ ಅದೇ ದೊಡ್ಡ ಹಬ್ಬ. ಪುಸ್ತಕ ಮನೆಮನೆಗೆ ಹೋಗುವುದನ್ನು ನೋಡಲು ಅಧಿಕಾರಿ ಬರುವ ದಿನ, ನಮ್ಮಲ್ಲಿ ಮುಟ್ಟಬಹುದಾದ ಒಂದು ಪುಸ್ತಕವೂ ಉಳಿದಿರಲಿಲ್ಲ.

ಮೇಡಂ ಸ್ವಲ್ಪ ಹೊತ್ತಿಗೆ ಒಳಗೆ ಬಂದರು. “ಹೂವು ಬಹಳ ಚೆನ್ನಾಗಿ ಜೋಡಿಸಿದ್ದೀರಿ” ಎಂದರು. ಅಟೆಂಡರ ಮುಖ ಅರಳಿತು. ಅವರಿಗೆ ಆಗಿನ್ನೂ ಹೊಳೆದಿರಲಿಲ್ಲ.

ಹೊಳೆದದ್ದು ಸಂಜೆ. ಬಡಾವಣೆಯ ಹೆಂಗಸರೂ ಯಡಿಯೂರಿನ ಹೆಂಗಸರೂ ಬಂದು ಜಮಖಾನ ತುಂಬಿತು. ಮೊದಮೊದಲು ಎರಡು ಗುಂಪು ಎರಡು ಕಡೆ ಕೂತಿತ್ತು. ಜನ ಹೆಚ್ಚಾದಂತೆ ಜಾಗವಿಲ್ಲದೆ ಬೆರೆತುಹೋಯಿತು. ಕಡಲೆ ಉಸಲಿ ಹಂಚುತ್ತಿದ್ದಾಗ ಯಡಿಯೂರಿನ ಒಬ್ಬ ಸೊಸೆ, ಓದು ಬಲ್ಲವಳು, ಪಿನ್ನು ಚುಚ್ಚಿದ ಆ ಸಮುದ್ರದ ಪುಸ್ತಕಕ್ಕೆ ಕೈ ಚಾಚಿದಳು. ಅತ್ತೆ ಪಟ್ಟನೆ ಆ ಕೈಗೆ ಹೊಡೆದರು.

“ಪೂಜೆಗಿಟ್ಟಿದ್ದು ಮುಟ್ಟೀಯೇನೇ? ವಿದ್ಯೆ ಒಂಟೋಯ್ತದೆ!”

“ಹೋಗಕ್ಕೆ ಇದ್ರೆ ತಾನೆ ಅತ್ತೆ?”

ಎಲ್ಲರೂ ನಕ್ಕರು. ಅಟೆಂಡರು ನಗಲಿಲ್ಲ. ಪುಸ್ತಕಗಳನ್ನು ನೋಡಿದರು, ಬರಿದಾದ ಬೀರುಗಳನ್ನು ನೋಡಿದರು. ಆಗಲೇ ಅಧಿಕಾರಿಯ ಜಟಕಾ ಗೇಟಿನ ಬಳಿ ನಿಂತಿತು.

ಅಧಿಕಾರಿ ಒಳಗೆ ಬಂದು ಜನವನ್ನು ಕಂಡು ಸಂತೋಷಪಟ್ಟರು. ಆಮೇಲೆ ಕೇಳಿದರು, “ಪುಸ್ತಕ ಎಷ್ಟು ಹೋಯ್ತು ಇವತ್ತು?”

“ಒಂದೂ ಇಲ್ಲ ಸಾರ್,” ಎಂದರು ಮೇಡಂ. “ಇವತ್ತು ಸರಸ್ವತಿ ಪೂಜೆ.”

“ಹಾಗಾದ್ರೆ ನಾನೇನು ನೋಡಕ್ಕೆ ಬಂದೆ?”

ಅಟೆಂಡರು ಮುಂದೆ ಬಂದರು. ಕೈಕಟ್ಟಿ, “ತಪ್ಪು ನಂದು ಬುದ್ಧಿ, ಅಮ್ಮಾವ್ರುದಲ್ಲ” ಎನ್ನಲು ಹೊರಟವರನ್ನು ಮೇಡಂ ಅರ್ಧಕ್ಕೇ ತಡೆದರು. ಹೆಂಗಸರ ಕಡೆ ತಿರುಗಿ, ಸೊಸೆಯ ಕೈಗೆ ಹೊಡೆದ ಆ ಅತ್ತೆಯನ್ನೇ ಕೇಳಿದರು. “ಅಮ್ಮಾ, ಮುಟ್ಟಬಾರದು, ಓದಬಾರದು. ಕೇಳಬಹುದೋ?”

ಆಕೆ ಯೋಚಿಸಿ ತೀರ್ಪು ಕೊಟ್ಟರು. “ಕೇಳಕ್ಕೇನವ್ವ? ಕಿವಿಗೆ ಮಡಿ ಇಲ್ಲ.”

“ಸರಿ,” ಎಂದು ಮೇಡಂ ಅಟೆಂಡರ ಕಡೆ ನೋಡಿದರು. “ಇವತ್ತು ನಿಮ್ಮ ಸರದಿ. ಹಡಗು ಹತ್ತಿ ಆಯ್ತೋ?”

ಮೇಡಂ ನನ್ನನ್ನು ಕರೆಯಬಹುದಿತ್ತು. ನಾನು ಓದಿದವನು, ನಾಲ್ಕು ಜನರ ಮುಂದೆ ಮಾತಾಡಬಲ್ಲವನು. ಅವರೇ ಹೇಳಬಹುದಿತ್ತು. ಯಾಕೆ ಅಟೆಂಡರನ್ನೇ ಕರೆದರೆಂದು ಆಮೇಲೆ ಕೇಳಿದಾಗ “ಕೆಲಸ ಅವರದು ತಾನೆ, ಪೂರ್ತಿ ಅವರದೇ” ಎಂದರು, ಅಷ್ಟೆ.

ಅಟೆಂಡರು ಜಮಖಾನದ ಅಂಚಿನಲ್ಲಿ ಕೂತರು. ನೆಲ ನೋಡಿಕೊಂಡು ಶುರುಮಾಡಿದರು.

“ಸಮುದ್ರ ಅಂತ ಒಂದದೆ. ನಾನು ನೋಡಿಲ್ಲ. ನೀವೂ ನೋಡಿಲ್ಲ. ನಮ್ಮ ಸಾರಕ್ಕಿ ಕೆರೆಯಂಗೆ ಅಂದ್ಕೊಂಡಿದ್ದೆ. ಅಲ್ಲ. ಅದಕ್ಕೆ ಏರಿನೇ ಇಲ್ಲ!”

“ಏರಿ ಇಲ್ದೆ ನೀರು ಎಂಗೆ ನಿಂತದೆ?” ಯಾರೋ ಕೇಳಿದರು.

“ಅದೇ ನಾನೂ ಅಮ್ಮಾವ್ರನ್ನ ಕೇಳ್ದೆ.”

ಅಲ್ಲಿಂದ ಮುಂದೆ ಅವರು ನೆಲ ನೋಡಬೇಕಾಗಲಿಲ್ಲ. ಮನೆ ಬಿಟ್ಟು ಹಡಗು ಹತ್ತಿದ ಹುಡುಗ, ಅವನ ತಾಯಿ ಕಟ್ಟಿಕೊಟ್ಟ ಬುತ್ತಿ, ಬಿರುಗಾಳಿ. ಬುತ್ತಿಯಲ್ಲಿ ರಾಗಿ ಮುದ್ದೆ ಇತ್ತೆಂದರು. ಪುಸ್ತಕದಲ್ಲಿ ಹಾಗಿರಲಿಲ್ಲವೆಂದು ನಾನು ಬಲ್ಲೆ. ಅಧಿಕಾರಿ ಕುರ್ಚಿಯ ತುದಿಗೆ ಬಂದಿದ್ದರು. ಹಡಗು ಬಂಡೆಗೆ ಬಡಿದು ಒಡೆಯಿತು. ಹುಡುಗ ನೀರಿಗೆ ಬಿದ್ದ. ಅಟೆಂಡರು ಮಾತು ನಿಲ್ಲಿಸಿದರು.

“ಆಮೇಲೆ?”

“ಗೊತ್ತಿಲ್ಲ. ಅಲ್ಲೀಗಂಟ ಓದಿವ್ನಿ.”

“ಅಯ್ಯೋ! ಬದುಕಿದ್ನೋ ಇಲ್ವೋ ಹೇಳಪ್ಪ!”

“ಅದು ಪುಸ್ತಕದಾಗದೆ. ಪುಸ್ತಕ ದೇವರ ಮುಂದದೆ. ನಾನೇನು ಮಾಡ್ಲಿ?”

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಬಡಾವಣೆಯ ಒಬ್ಬರು ಹುಡುಗ ಬದುಕಿದನೆಂದರು, ಯಡಿಯೂರಿನ ಅತ್ತೆ ತಾಯಿಯ ಬುತ್ತಿ ತಿಂದವನು ಮುಳುಗುವುದಿಲ್ಲವೆಂದರು. ಬಳೆಗಳ ಸದ್ದು ಮತ್ತೆ ಕೇಳಿಸಿತು. ಮೇಡಂ ಎದ್ದು ನಿಂತಿದ್ದರು. “ವಿಜಯದಶಮಿ ಬೆಳಿಗ್ಗೆ ಪುಸ್ತಕ ತೆಗೀತೀವಿ. ರಜಾ ಇದ್ರೂ ಬಾಗಿಲು ತೆಗೆದಿರತ್ತೆ. ಬನ್ನಿ.”

ಅಧಿಕಾರಿ ಹೋಗುವಾಗ ಮೇಡಂ ಅವರನ್ನು ಗೇಟಿನವರೆಗೆ ಕಳಿಸಿಕೊಟ್ಟರು. ಅಲ್ಲಿ ಏನು ಮಾತಾಯಿತೋ ನನಗೆ ಕೇಳಿಸಲಿಲ್ಲ. ಕಂಡದ್ದನ್ನು ಬರೆಯಬಲ್ಲೆ: ವಿಜಯದಶಮಿಯ ಬೆಳಿಗ್ಗೆ ಅವರು ಪಂಚೆ ಉಟ್ಟು, ಹೆಂಡತಿಯನ್ನು ಕರೆದುಕೊಂಡು ಬಂದರು. ಕಾಲುದಾರಿಯಲ್ಲಿ ಆಗಲೇ ಹೆಂಗಸರು ಸಾಲಾಗಿ ಬರುತ್ತಿದ್ದರು. ಪುಸ್ತಕಗಳನ್ನು ತೆಗೆದೆವು, ಕುಂಕುಮ ಒರೆಸಿದೆವು. ಸಮುದ್ರದ ಪುಸ್ತಕ ತನಗೆ, ತನಗೆ ಎಂದು ಜಗಳವಾದಾಗ ಮೇಡಂ ಅದನ್ನು ಯಡಿಯೂರಿನ ಸೊಸೆಯ ಕೈಗೆ ಕೊಟ್ಟು ಎಲ್ಲರಿಗೂ ಓದಿ ಹೇಳು ಎಂದರು. ಅವಳು ಓದಿದಳು. ಅಟೆಂಡರು ಬಾಗಿಲ ಬಳಿ ನಿಂತು, ತುಟಿ ಆಡಿಸುತ್ತ ಕೇಳಿದರು. ಹುಡುಗ ಬದುಕಿದ್ದ. ಅಧಿಕಾರಿ ನೋಡಬೇಕೆಂದದ್ದನ್ನು ನೋಡಿದರು: ಆ ದಿನ ಬೀರುಗಳಿಗೆ ಹಿಂತಿರುಗಿದ್ದಕ್ಕಿಂತ ಹೆಚ್ಚು ಪುಸ್ತಕಗಳು ಸೆರಗಿನ ಮರೆಯಲ್ಲಿ ಮನೆಗಳಿಗೆ ಹೋದವು.

ಶಾಖೆ ಉಳಿಯಿತು. ಅಟೆಂಡರ ಕೆಲಸ ಮುಂದಿನ ವರ್ಷ ಖಾಯಂ ಆಯಿತು. ಶುಕ್ರವಾರ ಸಂಜೆ ಹೆಂಗಸರಿಗೆ ಓದಿ ಹೇಳುವುದು ಬಹಳ ಕಾಲ ನಡೆಯಿತು. ನಾನು ಪತ್ರಿಕೆಗೆ ಹೋಗುವ ದಿನ ಮೇಡಂ ಎಲ್ಲರ ಎದುರಿಗೆ ನನ್ನನ್ನು ಹೊಗಳಿ, ಒಳಕೋಣೆಗೆ ಕರೆದು ಬುದ್ಧಿ ಹೇಳಿದರು. “ಅಲ್ಲೂ ಮೇಜು ಇರತ್ತೆ. ಕೂತೇ ಬರೀಬೇಡಿ. ಸುತ್ತಿ ಬಂದು, ಅವರ ಪಕ್ಕ ನಿಂತು ನೋಡಿ.” ವರದಿಗಾರಿಕೆಯ ಬಗ್ಗೆ ಆಮೇಲೆ ನನಗೆ ಎಷ್ಟೋ ಜನ ಎಷ್ಟೋ ಹೇಳಿದ್ದಾರೆ. ಕೈಹಿಡಿದದ್ದು ಇದೊಂದೇ.

ಎಷ್ಟೋ ವರ್ಷಗಳ ಮೇಲೆ ಮೇಡಂ ತೀರಿಕೊಂಡಾಗ ಮನೆಗೆ ಹೋಗಿದ್ದೆ. ಅಟೆಂಡರೂ ಬಂದಿದ್ದರು, ಮೊಮ್ಮಗಳ ಕೈ ಹಿಡಿದು. ಹಾಸಿಗೆಯ ಪಕ್ಕ ಗ್ರಂಥಾಲಯದಿಂದ ತಂದ ಒಂದು ಪುಸ್ತಕವಿತ್ತು, ಅರ್ಧಕ್ಕೆ ಒಂದು ಸೇಫ್ಟಿ ಪಿನ್ನು ಗುರುತಿಗೆ. ಮನೆಯವರು ಅದನ್ನು ಹಿಂದಿರುಗಿಸುವ ಕೆಲಸ ನಮಗೆ ಕೊಟ್ಟರು. ಇಬ್ಬರೂ ಶಾಖೆಗೆ ಹೋದೆವು. ಮನೆ ಬದಲಾಗಿತ್ತು, ಬೀರುಗಳು ಬದಲಾಗಿದ್ದವು, ಮೇಜಿನ ಹಿಂದೆ ಮೇಡಂ ಅವರನ್ನು ಎಂದೂ ಕಾಣದ ಒಬ್ಬ ಹುಡುಗಿ. ಪುಸ್ತಕ ಒಪ್ಪಿಸಿದೆವು. ಹೊರಡಲು ತಿರುಗಿದ ಅಟೆಂಡರು ತಡೆದು, ಆ ಕಾಲದ ಒಂದು ಸಮುದ್ರದ ಕಥೆ ಇನ್ನೂ ಇದೆಯೇ ಎಂದು ಕೇಳಿದರು.

ಹುಡುಗಿ ಕೂತಲ್ಲಿಂದಲೇ ಕೈ ತೋರಿಸಬಹುದಿತ್ತು. ಎದ್ದಳು. ಮೇಜು ಸುತ್ತಿಕೊಂಡು ನಮ್ಮ ಪಕ್ಕಕ್ಕೆ ಬಂದು ನಿಂತು, “ಬನ್ನಿ ತಾತ, ಹುಡುಕೋಣ” ಎಂದಳು.