ಗೊಂಬೆಗಳ ಕೆಳಗಿನ ಬೇಸ್ ಪೆಟ್ಟಿಗೆ

ನನ್ನ ಗಂಡ ಇಂದುಧರ ಅವರು ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ ನಾನು ‘ಬ್ಯಾಂಕು’ ಎಂದು ಹೇಳಿ ಮಾತು ಮುಗಿಸುತ್ತಿದ್ದೆ. ಬ್ಯಾಂಕು ಹಗಲಿನ ಮಾತಾಯಿತು. ಸಂಜೆಯಾದರೆ ಅವರು ಬೇಸ್ ಗಿಟಾರ್ ನುಡಿಸುವವರು. ಅದನ್ನು ವಿವರಿಸಲು ಹೊರಟರೆ ಒಲೆಯ ಮೇಲಿನ ಹಾಲು ಉಕ್ಕಿ ಚೆಲ್ಲಿಹೋಗುತ್ತಿತ್ತು. ಗಿಟಾರು ಎಂದರೆ ಜನ ಆರು ತಂತಿಯದನ್ನು ನೆನೆಯುತ್ತಾರೆ. ಇವರದಕ್ಕೆ ನಾಲ್ಕೇ ತಂತಿ, ಅದರಲ್ಲೊಂದು ಬಟ್ಟೆ ಒಣಹಾಕುವ ತಂತಿಯಷ್ಟು ದಪ್ಪ. ನಮ್ಮಪ್ಪ ಶಿವಲಿಂಗಪ್ಪನವರು ಒಮ್ಮೆ ರಾಣೇಬೆನ್ನೂರಿನಿಂದ ಬಂದಾಗ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಇದು ಏನ್ ನುಡಿಸ್ತದೋ ಮಾರಾಯಾ?” ಎಂದು ಕೇಳಿದರು.

“ಹಾಡಿನ ಕೆಳಗ ನೆಲ ಇರ್ತದಲ್ರೀ ಮಾವಾರ, ಅದನ್ನ,” ಎಂದರು ಇವರು.

ಅಪ್ಪ ನನ್ನ ಮುಖ ನೋಡಿ, ಇನ್ನೊಂದು ರೊಟ್ಟಿ ಹಾಕು ಎಂದರು. ಪಾಪ, ಅವರಾದರೂ ಏನು ಮಾಡಬೇಕು!

ಮದುವೆ ಗೊತ್ತಾದಾಗ ಹುಡುಗ ನೇವಿಯಲ್ಲಿದ್ದಾನೆ ಎಂದಿದ್ದರು. ಹಡಗು, ತೋಪು, ಬಿಳಿ ಸಮವಸ್ತ್ರ ಎಂದೆಲ್ಲ ನಾನು ಕನಸು ಕಂಡಿದ್ದೆ. ಎಂಬತ್ತೊಂದರಲ್ಲಿ ವಿಶಾಖಪಟ್ಟಣದ ಕ್ವಾರ್ಟರ್ಸಿಗೆ ಬಂದಮೇಲೆ ಗೊತ್ತಾಯಿತು, ಈ ಮನುಷ್ಯ ಇರುವುದು ನೇವಿಯ ಬ್ಯಾಂಡಿನಲ್ಲಿ! ಬೆಳಿಗ್ಗೆ ಪರೇಡಿನಲ್ಲಿ ಟ್ಯೂಬಾ ಎಂಬ ಭಾರೀ ಹಿತ್ತಾಳೆ ಕಹಳೆಯನ್ನು ಅಪ್ಪಿಕೊಂಡು ಊದುವುದು, ಸಂಜೆ ಅಧಿಕಾರಿಗಳ ಪಾರ್ಟಿಯಲ್ಲಿ ಬೇಸ್ ಗಿಟಾರ್ ಮೀಟುವುದು. ಕೆಳಗಿನ ಸ್ವರ ಊದುವವನೇ ಕೆಳಗಿನ ಸ್ವರ ಮೀಟಲಿ ಎಂದು ಬ್ಯಾಂಡ್ ಮಾಸ್ಟರರು ಕೈಗೆ ಕೊಟ್ಟದ್ದಂತೆ. ಕೊಟ್ಟದ್ದು ಅವರು, ಕಟ್ಟಿಕೊಂಡದ್ದು ನಾನು.

ಒಂದು ಭಾನುವಾರ ಬೇಳೆ ಬೇಯಲಿಟ್ಟಿದ್ದೇನೆಂದು ಡಬರಿಯ ಮುಚ್ಚಳ ತೆಗೆದರೆ ಒಳಗೆ ತಂತಿಯ ಸುರುಳಿಗಳು ಕೊತಕೊತ ಕುದಿಯುತ್ತಿವೆ. ಬೇಳೆ ಪಕ್ಕದಲ್ಲಿ ತಟ್ಟೆಯಲ್ಲಿ ತಣ್ಣಗೆ ಕೂತಿದೆ.

“ರೀ! ಏನ್ರೀ ಇದು?”

“ಹಳೇ ತಂತಿ ಮಂಗಳಾ. ಕುದಿಸಿದ್ರ ಬೆವರು, ಜಿಡ್ಡು ಎಲ್ಲಾ ಬಿಟ್ಟು ಮತ್ತ ಹೊಸಾವರಂಗ ದನಿ ಕೊಡ್ತಾವ. ಹೊಸಾವು ಬೇಕಂದ್ರ ಸಿಂಗಪುರಕ್ಕ ಹೋದ ಹಡಗು ವಾಪಸ್ ಬರಬೇಕು.”

“ಅದಕ್ಕ ನನ್ನ ಸಾರಿನ ಡಬರಿನ ಬೇಕಾಗಿತ್ತೇನು?”

“ಮನ್ಯಾಗ ದೊಡ್ಡದು ಅಂದ್ರ ಅದೊಂದ.”

ಆ ಡಬರಿಯನ್ನು ಅವತ್ತೇ ತಂತಿಗೆ ಧಾರೆ ಎರೆದುಕೊಟ್ಟು ನಾನು ಬೇರೆ ಕೊಂಡೆ. ಬೈದೆ, ಬೈಯುತ್ತ ನಕ್ಕೆ. ಸಂಜೆ ಬೆಂದ ತಂತಿಗಳನ್ನು ಒರೆಸಿ, ಏರಿಸಿ, ಒಂದನ್ನು ಮೀಟಿ ಅವರು ಕಣ್ಣು ಮುಚ್ಚಿಕೊಂಡ ಚೆಂದ ನೋಡಿದರೆ ಯಾರಿಗೂ ಸಿಟ್ಟು ನಿಲ್ಲುತ್ತಿರಲಿಲ್ಲ.

ಅಲ್ಲೇ ಪೆಟ್ಟಿಗೆಯೂ ಹುಟ್ಟಿತು. ಬೇಸಿನ ಸ್ವರಕ್ಕೆ ಸಣ್ಣ ಸ್ಪೀಕರ್ ಸಾಲದು. ಹಡಗಿನಲ್ಲಿ ಯಂತ್ರ ಬಂದಿದ್ದ ದಪ್ಪ ಪ್ಲೈವುಡ್ ಪೆಟ್ಟಿಗೆಗಳನ್ನು ಒಡೆಸಿ, ಬಡಗಿಯ ಹತ್ತಿರ ನನ್ನ ಎದೆಯೆತ್ತರದ ಡಬ್ಬಿ ಮಾಡಿಸಿದರು. ಒಳಗೆ ಅನ್ನದ ತಟ್ಟೆಗಿಂತ ಅಗಲದ ಸ್ಪೀಕರು, ಅದರ ಮೇಲೆ ಆಂಪ್ಲಿಫೈಯರು, ಎರಡು ಕಡೆ ಕಬ್ಬಿಣದ ಹಿಡಿ. ಎತ್ತಲು ಇಬ್ಬರು ಬೇಕು, ಇಳಿಸಲು ಇಬ್ಬರು ಮತ್ತು ದೇವರು ಬೇಕು. ಅದನ್ನು ನಾನು ಸವತಿ ಎಂದೇ ಕರೆಯುತ್ತಿದ್ದೆ.

ಎಂಬತ್ತೆಂಟರಲ್ಲಿ ನೇವಿಯ ಸರ್ವೀಸು ಮುಗಿದು ಮಾಜಿ ಸೈನಿಕರ ಕೋಟಾದಲ್ಲಿ ವಿಜಯವಾಡದ ಬ್ಯಾಂಕಿನಲ್ಲಿ ಗುಮಾಸ್ತೆ ಕೆಲಸ ಸಿಕ್ಕಿತು. ನಾನು, ಅವರು, ಸವತಿ, ಮೂವರೂ ಬಂದೆವು. ಗವರ್ನರ್‌ಪೇಟೆಯ ಒಂದು ಸಂದಿಯಲ್ಲಿ ಹೈಮಾವತಿಯಮ್ಮ ಎಂಬುವರ ಮನೆಯ ಹಿಂದಿನ ಎರಡು ಕೋಣೆ ಬಾಡಿಗೆಗೆ ಸಿಕ್ಕಿತು. ಒಂದು ಕೋಣೆಯಲ್ಲಿ ನಾವು, ಇನ್ನೊಂದರಲ್ಲಿ ಅದು. ತಿಂಗಳು ಕಳೆಯುವುದರೊಳಗೆ ಇವರು ಜಗನ್ಮೋಹನ್ ಎಂಬುವರ ಆರ್ಕೆಸ್ಟ್ರಾ ಸೇರಿದ್ದರು. ಮದುವೆ, ಪಂದಿರಿ ಎಂದು ಅಲ್ಲಿಯವರು ಕರೆಯುವ ಗಣಪತಿಯ ಚಪ್ಪರ, ದಸರಾ, ಸಂಜೆಯಾದರೆ ಎಲ್ಲಾದರೊಂದು ಕಡೆ ಕಾರ್ಯಕ್ರಮ. ಒಮ್ಮೆ ಕೊಂಡಪಲ್ಲಿಯ ಮದುವೆಗೆ ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಕಟ್ಟಿಕೊಂಡು ಹೋದರೆ ಬೀಗರ ಕಡೆಯವರು ಹೆಣ್ಣಿಗೆ ಕೊಟ್ಟ ಬಟ್ಟೆಯ ಬೀರು ಬಂತೆಂದು ಇಳಿಸಿಕೊಂಡು ನೇರ ಒಳಗಿಟ್ಟರಂತೆ. ಇವರು ಹೇಳಿ ಹೇಳಿ ನಗುತ್ತಿದ್ದರು. ಅಲ್ಲಿ ಎಲ್ಲರಿಗೂ ಇವರು ‘ನೇವೀಗಾರು’, ಅಂದರೆ ನೇವಿಯವರು.

ಆ ಆರ್ಕೆಸ್ಟ್ರಾದ ಹಿರಿಯ ಗಾಯಕಿ ಕೋಟೇಶ್ವರಮ್ಮ. ಹಿಂದೆ ನಾಟಕದ ಕಂಪನಿಯಲ್ಲಿ ಪದ್ಯ ಹಾಡಿದವರು, ಐವತ್ತು ದಾಟಿದವರು, ಕಾಸಗಲ ಕುಂಕುಮ. ಇವರ ಬಾಯಲ್ಲಿ ಆಯಮ್ಮ ಬರೀ ‘ಅಮ್ಮ’. ವೇದಿಕೆ ಏರುವಾಗ ಚಪ್ಪಲಿ ಬಿಡುತ್ತಿದ್ದರು, ಏರಿದವರು ನೇರ ಹೋಗಿ ನಮ್ಮ ಪೆಟ್ಟಿಗೆಯ ಪಕ್ಕ ನಿಲ್ಲುತ್ತಿದ್ದರು. ಮೈಕು ಎಲ್ಲಿಟ್ಟರೂ ಅಲ್ಲಿಗೇ ಎಳೆಸಿಕೊಳ್ಳುತ್ತಿದ್ದರು. ಅದು ಆಯಮ್ಮನ ಸೆಂಟಿಮೆಂಟು ಎಂದು ಎಲ್ಲರೂ ಸುಮ್ಮನಿದ್ದರು.

ತೊಂಬತ್ತಮೂರರ ದಸರೆಗೆ ಮುಂಚೆ ಒಂದು ಸಂಜೆ ಜಗನ್ಮೋಹನ್ ಮನೆಗೆ ಬಂದರು. ಕಾಫಿ ಕುಡಿದರು, ಹಬ್ಬದ ಅಡುಗೆ ಏನೆಂದು ವಿಚಾರಿಸಿದರು, ಆಮೇಲೆ ನೆಲ ನೋಡುತ್ತ ವಿಷಯಕ್ಕೆ ಬಂದರು. ಜಪಾನಿನ ಹೊಸ ಕೀಬೋರ್ಡ್ ಬಂದಿದೆ. ಕೀಬೋರ್ಡಿನ ಹುಡುಗ ದಿನಕರ ಅದರಲ್ಲಿ ಎಡಗೈಯಲ್ಲೇ ಬೇಸ್ ನುಡಿಸುತ್ತಾನೆ, ತಾಳವನ್ನು ಯಂತ್ರವೇ ಹಾಕುತ್ತದೆ. ವ್ಯಾನಿನಲ್ಲಿ ಇಬ್ಬರು ಕೂರುವ ಜಾಗವನ್ನು ಈ ಪೆಟ್ಟಿಗೆ ತಿನ್ನುತ್ತದೆ. “ಏಮೀ ಅನ್ಕೋಕಂಡಿ ನೇವೀಗಾರೂ, ಏನೂ ತಪ್ಪು ತಿಳೀಬೇಡಿ, ಈ ದಸರೆಯಿಂದ ನೀವು ರೆಸ್ಟ್ ತಗೊಳ್ಳಿ,” ಎಂದರು.

ಇವರು ಲೋಟ ಕೆಳಗಿಟ್ಟರು. “ಅಮ್ಮನ ಹಾಡುಗಳಿಗಷ್ಟೇ ಬರ್ತೀನಿ. ಬಾಕಿ ಹಾಡಿಗೆ ಪರದೆ ಹಿಂದೆ ಕೂತಿರ್ತೀನಿ,” ಎಂದು ತೆಲುಗಿನಲ್ಲಿ ಕೇಳಿಕೊಂಡರು. ಜಗನ್ಮೋಹನ್ ಆಗುವುದಿಲ್ಲವೆಂದು ತಲೆ ಅಲ್ಲಾಡಿಸಿದರು.

ಅವರು ಹೋದಮೇಲೆ ನಾನು ಉರಿದುಬಿದ್ದೆ. “ಎಡಗೈಯಾಗ ನುಡಿಸ್ತಾನಂತ, ಎಡಗೈಯಾಗ! ನೀವರ ನಾಲ್ಕು ಮಾತು ಆಡಬಾರದಾ?”

“ಜಗಳಾಡಿದ್ರ ಜಾಗ ಕೊಡ್ತಾರೇನು ಮಂಗಳಾ?”

“ಜಾಗ ಕೊಡದಿದ್ರ ಬಿಡ್ಲಿ, ನನ್ನ ಹೊಟ್ಟಿ ತಣ್ಣಗಾಗತಿತ್ತಲ್ಲ!”

ಅವರು ಗಿಟಾರನ್ನು ಒರೆಸಿ ಚೀಲಕ್ಕೆ ಹಾಕಿದರು. ಮರುದಿನವೂ ಚೀಲದಿಂದ ತೆಗೆದು ಒರೆಸಿ ಒಳಗೆ ಹಾಕಿದರು. ಸಂಜೆ ಐದೂವರೆಗೆ ಬ್ಯಾಂಕಿನಿಂದ ಬಂದವರು ಎಲ್ಲಿಗೂ ಹೋಗುವುದಿಲ್ಲವೆಂದರೆ ಮನೆಗೇ ಏನೋ ಆದಂತೆ ಇರುತ್ತಿತ್ತು.

ನಮ್ಮ ಕಡೆ ದಸರೆಗೆ ಗೊಂಬೆ ಕೂಡಿಸುವ ಪದ್ಧತಿ ಇಲ್ಲ. ಇಲ್ಲಿ ಹೈಮಾವತಿಯಮ್ಮ ನನಗೆ ಕಲಿಸಿದ್ದರು. ಆ ವರ್ಷ ಪೆಟ್ಟಿಗೆ ಖಾಲಿ ಕೂತಿತ್ತು. ಕೆಳಗೆ ನೇವಿಯ ಕರೀ ಟ್ರಂಕು, ಅದರ ಹಿಂದೆ ಮೇಲಿನ ಮೆಟ್ಟಿಲಾಗಿ ಪೆಟ್ಟಿಗೆ. ಸ್ಪೀಕರಿನ ಬಾಯಿ ಕಾಣದಂತೆ ನನ್ನ ಹಳೆಯ ಕೆಂಪು ರೇಷ್ಮೆ ಸೀರೆಯ ಜರಿಸೆರಗು ಹೊದಿಸಿ ಗುಂಡುಪಿನ್ನು ಒತ್ತಿ, ಮೇಲೆ ಕೊಂಡಪಲ್ಲಿಯ ಮರದ ಗೊಂಬೆಗಳು, ದಶಾವತಾರ, ಅಂಬಾರಿ ಆನೆ ಎಲ್ಲ ಕೂಡಿಸಿದೆ. ಇವರು ನೋಡಿ, “ಅದಕ್ಕೂ ಒಂದು ಕೆಲಸ ಸಿಕ್ತು ಬಿಡು,” ಎಂದರು. ಕೂಡಿಸಿದಮೇಲೆ ವಿಜಯದಶಮಿಯವರೆಗೆ ಒಂದು ಗೊಂಬೆಯನ್ನೂ ಕದಲಿಸಬಾರದು ಎಂಬುದು ಹೈಮಾವತಿಯಮ್ಮನ ಕಟ್ಟಾಜ್ಞೆ.

ದುರ್ಗಾಷ್ಟಮಿಯ ಹಿಂದಿನ ಸಂಜೆ ನಮ್ಮ ಪೇಟೆಯ ಪಂದಿರಿಯಲ್ಲೇ ಜಗನ್ಮೋಹನ್ ಆರ್ಕೆಸ್ಟ್ರಾ. ನನಗೆ ಹೋಗುವ ಮನಸ್ಸಿರಲಿಲ್ಲ. ಇವರು ಮಾತ್ರ ಇಸ್ತ್ರಿ ಅಂಗಿ ತೊಟ್ಟು ಬಾಗಿಲಲ್ಲಿ ನಿಂತುಬಿಟ್ಟಿದ್ದರು. “ಅಮ್ಮ ಹಾಡೂದು ಕೇಳಬೇಕು, ನಡಿ,” ಎಂದರು. ದನಿಯಲ್ಲಿ ಏನೋ ಗಾಬರಿ. ಸರಿ, ಎರಡನೇ ಸಾಲಿನಲ್ಲಿ ಕೂತೆವು.

ಮೊದಲ ನಾಲ್ಕು ಹಾಡು ಹುಡುಗ ಹುಡುಗಿಯರು ಹಾಡಿದರು. ಸುಳ್ಳೇಕೆ, ಚೆನ್ನಾಗಿಯೇ ಇತ್ತು. ದಿನಕರನ ಕೀಬೋರ್ಡು ಕೊಳಲಾಯಿತು, ಪಿಟೀಲಾಯಿತು, ಮಳೆಯಂತೆ ಸದ್ದು ಮಾಡಿತು. ಜನ ಚಪ್ಪಾಳೆ ತಟ್ಟಿದರು. ನನಗೆ ಅಳುವೇ ಬಂತು.

ಆಮೇಲೆ ಕೋಟೇಶ್ವರಮ್ಮ ಬಂದರು. ಚಪ್ಪಲಿ ಬಿಟ್ಟು ಏರಿ, ಅಭ್ಯಾಸದಂತೆ ಬಲಕ್ಕೆ ನಡೆದರು. ಅಲ್ಲಿ ಪೆಟ್ಟಿಗೆ ಇರಲಿಲ್ಲ. ಒಂದು ಗಳಿಗೆ ಹಾಗೇ ನಿಂತು, ಮೈಕಿನ ಮುಂದೆ ಬಂದು ದೇವಿಯ ಹಾಡು ಎತ್ತಿದರು. ಎರಡನೇ ಸಾಲಿಗೇ ತಾಳ ಒಂದು ಕಡೆ, ಆಯಮ್ಮ ಒಂದು ಕಡೆ. ದಿನಕರ ಪಾಪ ಯಂತ್ರ ನಿಲ್ಲಿಸಿ ಮತ್ತೆ ಹಿಡಿದ. ಮತ್ತೆ ತಪ್ಪಿತು. ಹಿಂದಿನಿಂದ ಯಾರೋ ಸಿಳ್ಳೆ ಹಾಕಿದರು. ನನ್ನ ಪಕ್ಕದಲ್ಲಿ ಇವರು ಕುರ್ಚಿಯ ಅಂಚಿಗೆ ಬಂದು, ಬೆರಳುಗಳನ್ನು ತೊಡೆಯ ಮೇಲೆ ಆಡಿಸುತ್ತ, “ಅಮ್ಮಾ, ಅಮ್ಮಾ,” ಎಂದು ಗೊಣಗುತ್ತಿದ್ದರು.

ಮೂರನೇ ಸಲ ಕೋಟೇಶ್ವರಮ್ಮ ತಾವೇ ಕೈಯೆತ್ತಿ ನಿಲ್ಲಿಸಿದರು. ತಮ್ಮ ಪಾದಗಳನ್ನೇ ನೋಡುತ್ತ ಮೈಕಿನಲ್ಲಿ ಅಂದದ್ದು ತೆಲುಗಿನಲ್ಲಿ, ನಾನು ಕನ್ನಡದಲ್ಲಿ ಹೇಳುತ್ತೇನೆ:

“ಸಿಳ್ಳೆ ಹಾಕಬೇಡ್ರಯ್ಯಾ, ಹೇಗೂ ನನಗೆ ಅರ್ಧವೇ ಕೇಳಿಸೋದು. ಒಂದು ಕಿವಿ ಪೂರ್ತಿ ಹೋಗಿ ಆರೇಳು ವರ್ಷ ಆಯ್ತು, ಇನ್ನೊಂದು ಹೋಗೋ ದಾರಿಯಲ್ಲಿದೆ. ಇಷ್ಟು ದಿನ ನಾನು ಹಾಡಿದ್ದು ಕಿವಿಯಿಂದ ಅಲ್ಲ, ಕಾಲಿನಿಂದ. ನೇವೀಗಾರು ಪೆಟ್ಟಿಗೆಯಿಂದ ಹಲಗೆಗೆ ಕಳಿಸುತ್ತಿದ್ದರು, ಹಲಗೆಯಿಂದ ನನ್ನ ಅಂಗಾಲಿಗೆ ಬರುತ್ತಿತ್ತು. ಆ ಮನುಷ್ಯನಿಗೆ ಗೊತ್ತಿತ್ತು. ಒಬ್ಬರಿಗೂ ಹೇಳಲಿಲ್ಲ, ಪುಣ್ಯಾತ್ಮ. ಇವತ್ತು ಈ ಹಲಗೆ ಬರೀ ಮರ. ಮಗೂ ಇಂದುಧರಾ, ಎಲ್ಲಿದ್ದೀಯ?”

ನಾನು ಇವರ ಕಡೆ ತಿರುಗಿದೆ. ಹೆಂಡತಿಗೂ ಹೇಳಿರಲಿಲ್ಲ ನೋಡಿ! ಆಗ ನನಗೆ ಅವರ ಮೇಲೆ ಉಕ್ಕಿ ಬಂದ ಪ್ರೀತಿಗೆ ಒಂದು ಗುದ್ದು ಗುದ್ದಿಯೇಬಿಟ್ಟೆ. “ಏಳ್ರೀ! ಕುಂತೀರಿ ಇನ್ನೂ!”

“ಅದರ ಮ್ಯಾಲ ಗೊಂಬಿ ಕುಂಡ್ರಿಸೀಯಲ್ಲ...”

“ಗೊಂಬಿ ನಾ ನೋಡ್ಕೋತೀನಿ, ನೀವು ಓಡ್ರಿ!”

ಇಬ್ಬರೂ ಸಂದಿಗೆ ಓಡಿದೆವು. ನನ್ನ ಒಂದು ಚಪ್ಪಲಿ ಎಲ್ಲೋ ಕಳಚಿತು, ಇನ್ನೊಂದನ್ನು ನಾನೇ ಎಸೆದೆ. ನಾನು ಗೊಂಬೆಗಳಿಗೆ ಕೈ ಹಾಕುವ ಹೊತ್ತಿಗೆ ಹೈಮಾವತಿಯಮ್ಮ ಬಾಗಿಲಲ್ಲಿ ಪ್ರತ್ಯಕ್ಷ. “ಅಮ್ಮಾಯೀ! ಕೊಲುವು ಕದಿಲಿಂಚಕೂಡದು!” ಎಂದು, ಕೂಡಿಸಿದ ಗೊಂಬೆ ಕದಲಿಸುವುದನ್ನು ನೋಡಿ ಎದೆ ಹಿಡಿದುಕೊಂಡರು. ನಾನು ಏದುಸಿರಿನಲ್ಲೇ ನಡೆದದ್ದು ಹೇಳಿದೆ. ಆಯಮ್ಮ ಕೇಳಿದರು, ಗೊಂಬೆಗಳಿಗೆ ಕೈಮುಗಿದು ತಪ್ಪಾಯಿತೆಂದು ಕೆನ್ನೆ ಬಡಿದುಕೊಂಡರು, ಸೆರಗು ಒಡ್ಡಿ ಹತ್ತೂ ಅವತಾರಗಳನ್ನು ಬಾಚಿಕೊಂಡರು. “ಹೂಂ, ಎತ್ತು ಎತ್ತು!”

ಸವತಿಯ ಒಂದು ಹಿಡಿ ನನ್ನ ಕೈಯಲ್ಲಿ, ಇನ್ನೊಂದು ಅವರ ಕೈಯಲ್ಲಿ, ಗಿಟಾರು ಹೈಮಾವತಿಯಮ್ಮನ ಹೆಗಲಲ್ಲಿ. ರಿಕ್ಷಾದವನು ಮೊದಲು ಬೇಡವೆಂದ, ಆಮೇಲೆ ಪಂದಿರಿಯವರೆಗೆ ತಾನೇ ತಳ್ಳಿದ. ಅಲ್ಲಿ ಮಿಮಿಕ್ರಿಯವನೊಬ್ಬ ಹೇಗೋ ಜನರನ್ನು ಹಿಡಿದಿಟ್ಟಿದ್ದ. ದಿನಕರನೇ ಇಳಿದು ಬಂದು ಪೆಟ್ಟಿಗೆಗೆ ಹೆಗಲು ಕೊಟ್ಟು, ವೈರು ಸಿಕ್ಕಿಸಿದ.

ಇವರು ಮೊದಲ ಸ್ವರ ಮೀಟಿದರು. ಮೀಟಿದ್ದೇ ತಡ, ನನ್ನ ಜರಿಸೆರಗು ಪಟ್ಟನೆ ಉಬ್ಬಿ ಮುಂದಕ್ಕೆ ಬಂತು. ಇನ್ನೊಂದು ಮೀಟಿದರು, ಮತ್ತೆ ಉಬ್ಬಿತು. ಸೆರಗು ಬಿಚ್ಚಲು ಯಾರಿಗೂ ನೆನಪೇ ಇರಲಿಲ್ಲ! ಜನ ಗೊಳ್ಳೆಂದರು. ಅವಸರದಲ್ಲಿ ಸೆರಗಿನ ಮಡಿಕೆಗೆ ಸಿಕ್ಕಿಕೊಂಡು ಪೆಟ್ಟಿಗೆಯ ಮೇಲೇ ಉಳಿದಿದ್ದ ಅಂಬಾರಿ ಆನೆ ಒಂದೊಂದು ಸ್ವರಕ್ಕೂ ಒಂದೊಂದು ಹೆಜ್ಜೆ ಅಂಚಿನ ಕಡೆ ಹೊರಟಿತು. ಕೋಟೇಶ್ವರಮ್ಮ ಅದನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಪಾದ ಹಲಗೆಗೆ ಒತ್ತಿ, ಹಾಡು ಎತ್ತಿದರು.

ಅಯ್ಯೋ, ಆ ಹಾಡು! ಆಯಮ್ಮ ಬೇಕೆಂದಲ್ಲಿ ನಿಂತರು, ಬೇಕೆಂದಲ್ಲಿ ಓಡಿದರು, ಇವರು ನೆರಳಿನಂತೆ ಜೊತೆಗಿದ್ದರು. ದಿನಕರ ತಾಳದ ಯಂತ್ರ ಆರಿಸಿ, ನಗುತ್ತ ಬರೀ ಕೊಳಲಿನ ದನಿ ತುಂಬಿದ. ನಾನು ವೇದಿಕೆಯ ಮೂಲೆಯಲ್ಲಿ ಬರಿಗಾಲಲ್ಲಿ ನಿಂತಿದ್ದೆ. ನನ್ನ ಅಂಗಾಲಿಗೂ ಬಂತು. ಮೆತ್ತಗೆ, ದಪ್ಪಗೆ, ಮೊಣಕಾಲಿನವರೆಗೆ ಏರಿತು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

ಹಾಡು ಮುಗಿದಾಗ ಪಂದಿರಿ ಎದ್ದು ನಿಂತಿತು. ಜಗನ್ಮೋಹನ್ ಓಡಿ ಬಂದು ಇವರ ಕೈ ಹಿಡಿದು, ನಾಳೆಯಿಂದ ವ್ಯಾನಿನಲ್ಲಿ ಪೆಟ್ಟಿಗೆಗೆ ಮೊದಲ ಜಾಗ ಎಂದರು. ಇವರು ಕೋಟೇಶ್ವರಮ್ಮನ ಕಡೆ ಬೆರಳು ತೋರಿಸಿದರು, ಅಮ್ಮನನ್ನು ಕೇಳಿ ಎಂದು. ಜಗನ್ಮೋಹನ್ ಆಯಮ್ಮನ ಎದುರು ನಿಂತು ಕ್ಷಮೆ ಕೇಳಿದರು. ಕೇಳಿಸಲಿಲ್ಲ ಎಂದು ಆಯಮ್ಮ ಕೈಯಾಡಿಸಿದರು. ಇನ್ನೂ ಜೋರಾಗಿ ಕೇಳಿದರು. ಆಯಮ್ಮ ಮತ್ತೆ ತಲೆಯಾಡಿಸಿ, ನಗು ತಡೆದುಕೊಂಡು, ಬೆರಳಿನಿಂದ ಹಲಗೆ ತೋರಿಸಿದರು.

ಅಷ್ಟು ಜನರ ಮುಂದೆ ಆರ್ಕೆಸ್ಟ್ರಾದ ಯಜಮಾನರು ಹೊಳೆಯುವ ಬೂಟು ಬಿಚ್ಚಿದರು, ಕಾಲುಚೀಲ ಬಿಚ್ಚಿದರು, ಹಲಗೆಯ ಮೇಲೆ ದಬದಬನೆ ಕಾಲು ಬಡಿದರು.

“ಹಾಂ, ಈಗ ಕೇಳಿಸ್ತು,” ಎಂದರು ಕೋಟೇಶ್ವರಮ್ಮ.