ಮೋಟಾರಿಗೆ ಬಿಟ್ಟ ಹರಳೆಣ್ಣೆ

ಮದ್ದೂರಿನ ಒಂದು ಅಕ್ಕಿ ಗಿರಣಿಯಲ್ಲಿ ನನ್ನ ಗಂಡ ಮೋಟಾರು ನೋಡಿಕೊಳ್ಳುತ್ತಿದ್ದ. ನಾನು ಅಲ್ಲೇ ಅಕ್ಕಿ ಕೇರುತ್ತಿದ್ದೆ. ಯುದ್ಧದ ಕಾಲ. ಮೋಟಾರು ಕೆಟ್ಟರೆ ಇನ್ನೊಂದು ಸಿಗುತ್ತಿರಲಿಲ್ಲ. ಹೆಂಗಸರು ಮೋಟಾರಿನ ಕೋಣೆಗೆ ಕಾಲಿಡಬಾರದು ಅಂತ ಸಾಹುಕಾರರು ಕಟ್ಟು ಮಾಡಿದ್ದರು. ಗಂಡನಿಗೆ ಊಟ ಕೊಡಬೇಕಲ್ಲ, ನಾನು ಕಾಲಿಡುತ್ತಿದ್ದೆ.

ಮೋಟಾರಿನ ಒಂದು ತುದಿಯಲ್ಲಿ ಬಳೆಯಂಥ ಮೂರು ಲೋಹದ ಉಂಗುರಗಳು. ಅವುಗಳ ಮೇಲೆ ಕರಿ ತುಂಡುಗಳು ಒತ್ತಿಕೊಂಡು ಕೂತಿದ್ದವು. ತಿರುಗುವಾಗ ಕಿರ್ರೆನ್ನುತ್ತಿದ್ದವು. ಆ ಸದ್ದಿಗೆ ಗಂಡನ ಕಿವಿ ನೋಯುತ್ತಿತ್ತು. ಗಾಡಿ ಅಚ್ಚು ಕಿರುಗುಟ್ಟಿದರೆ ಏನು ಮಾಡುತ್ತೇವೆ? ಒಂದು ಮಧ್ಯಾಹ್ನ ಮೋಟಾರು ನಿಂತಿತ್ತು. ಅವನು ಕೈ ತೊಳೆಯಲು ಹೋಗಿದ್ದ. ಮನೆಯಿಂದ ತಂದಿದ್ದ ಹರಳೆಣ್ಣೆಯನ್ನು ಮೂರು ಉಂಗುರಕ್ಕೂ ಧಾರಾಳವಾಗಿ ಬಿಟ್ಟೆ.

ಸಂಜೆಗೆ ಮೋಟಾರು ಜಗ್ಗತೊಡಗಿತು. ಎಳೆಯುವುದು, ಬಿಡುವುದು, ಮತ್ತೆ ಎಳೆಯುವುದು. ಗಿರಣಿ ತಿರುಗಿಸುವ ಬೆಲ್ಟಿನ ಪಟ್ಟಿ ಹೊಡೆದಾಡಿತು. ಅಕ್ಕಿಯೆಲ್ಲ ಮುರಿದು ಬಿತ್ತು. ಕೊಪ್ಪದಿಂದ ಭತ್ತ ತಂದಿದ್ದ ಗೌಡರು ಮೊರ ಹಿಡಿದು ಬಂದರು. "ಇದೇನ್ ಸಾವ್ಕಾರ್ರೆ, ಅಕ್ಕಿ ಮಾಡ್ಕೊಡಿ ಅಂದ್ರೆ ಕೋಳಿಗಾಕೋ ನುಚ್ಚು ಮಾಡಿದ್ದೀರಲ್ಲ!"

ಕೆಡಿಸಿದವರು ಯಾರೇ ಆಗಲಿ, ನಾಳೆಯಿಂದ ಕೆಲಸ ಇಲ್ಲ ಅಂದರು ಸಾಹುಕಾರರು. ಮಳವಳ್ಳಿಯಿಂದ ಮಿಸ್ತ್ರಿ ಸಾಬರನ್ನು ಕರೆಸಿದರು. ಸಾಬರು ಉಂಗುರ ಮುಟ್ಟಿ ನೋಡಿದರು.

"ಮೂರು ಜನ ಸೇರ್ಕೊಂಡು ರಾಗಿಕಲ್ಲು ಬೀಸ್ದಂಗೆ ಇದು. ಒಬ್ರ ಕೈ ಜಾರಿದ್ರೂ ಕಲ್ಲು ಜಗ್ತದೆ. ಯಾರೋ ಎಣ್ಣೆ ಕುಡ್ಸವ್ರೆ. ಕರಿ ತುಂಡಿಂದ ಉಂಗುರಕ್ಕೆ ಹೋಗೋ ಕರೆಂಟಿಗೆ ಹಿಡಿತ ಸಿಕ್ತಿಲ್ಲ."

ಬೀಸಿ ಬೀಸಿ ಬೆಳೆದವಳು ನಾನು. ಆ ಮಾತು ಅರ್ಥವಾಯಿತು. ಮುಂದೆ ಹೋಗಿ ನಿಂತೆ.

"ನಾನೇ ಬುಟ್ಟಿದ್ದು ಬುದ್ಧಿ. ಅವ್ರಲ್ಲ."

ಸಾಹುಕಾರರು ನಕ್ಕರು. "ಗಂಡನ್ನ ಉಳಿಸ್ಕಳಕ್ಕೆ ಚೆನ್ನಾಗ್ ಕತೆ ಕಟ್ತೀಯ ಕಣಮ್ಮ. ಆ ಕೋಣೆ ಬಾಗ್ಲು ಯಾವ್ ಕಡೀಕೈತೆ ಗೊತ್ತಾ ನಿಂಗೆ?"

"ದಿನಾ ಊಟ ಕೊಡಕ್ಕೋಯ್ತೀನಿ..."

ಗಂಡ ಅಡ್ಡ ಬಂದ. "ಲೇ, ಬಾಯ್ಮುಚ್ಚು. ಇವಳ್ ಮಾತು ಕೇಳ್ಬ್ಯಾಡಿ ಬುದ್ಧಿ. ಎಣ್ಣೆ ಬುಟ್ಟಿದ್ದು ನಾನೇಯ."

ಸಾಬರು ಒರೆಸುತ್ತಿದ್ದ ಬಟ್ಟೆಯನ್ನು ಮೂಸಿದರು. ಗಿರಣಿಯ ಎಣ್ಣೆಯಲ್ಲ, ಮನೆಯ ಹರಳೆಣ್ಣೆ. ನನ್ನ ಕಡೆ ಒಮ್ಮೆ ನೋಡಿದರು. ತಲೆ ತಗ್ಗಿಸಿ ಮತ್ತೆ ಒರೆಸಿದರು.

ಮನೆಗೆ ಹೋಗುವ ದಾರಿಯಲ್ಲಿ ಗಂಡನನ್ನು ಕೇಳಿದೆ, "ಯಾಕಂಗಂದ್ರಿ?"

"ನಿನ್ನ ಒಳಕ್ಕೆ ಬುಟ್ಟಿದ್ಕೆ ನನ್ನೂ ಕಳಿಸೋರು. ಇಬ್ರೂ ಮನೇಲಿ ಕುಂತ್ರೆ ಮುದ್ದೆಗೇನ್ ಮಾಡೀಯೆ? ನಿನ್ ಕೆಲ್ಸನಾರ ಇರ್ಲಿ." ಎಣ್ಣೆ ಯಾಕೆ ಬಿಟ್ಟೆ ಅಂತ ಒಂದು ಮಾತೂ ಕೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾರನೆಯ ದಿನ ಅವನು ರೈಲ್ವೆ ಸ್ಟೇಷನ್ನಿಗೆ ಮೂಟೆ ಹೊರಲು ಹೋದ. ನಾನು ಗಿರಣಿಗೆ ಹೋದೆ. ಸಾಬರು ಉಂಗುರ ಉಜ್ಜಿ, ತುಂಡು ಬದಲಾಯಿಸಿದ್ದರು. ಮೋಟಾರು ಒಂದೇ ಸಮ ತಿರುಗುತ್ತಿತ್ತು. ಒಳಗೆ ಹೊಸಬ ಕೂತಿದ್ದ.

"ಈಗ ನೋಡಕ್ಕಾ, ಒಂಚೂರೂ ಜಗ್ಗಲ್ಲ," ಅಂತ ಕೂಗಿ ಹೇಳಿದ.

"ಊಂ," ಅಂದೆ. ಮೊರ ಎತ್ತಿಕೊಂಡೆ.